ಅರ್ಧ ಸರಕು ಗಿರಾಕಿಯದೇ

ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯಿಂದ ಶುರುವಾಗುತ್ತವೆ. "ಮೇಡಂ, ಒಂದು ಸ್ಯಾಂಪಲ್‌ಗೆ ಎಷ್ಟಾಗುತ್ತೆ?" ದರ ನಾಲಿಗೆ ತುದಿಯಲ್ಲೇ ಇರುತ್ತದೆ. ಆದರೂ ಮೊದಲು ನಾನೇ ತಿರುಗಿ ಕೇಳುತ್ತೇನೆ. ಸ್ಯಾಂಪಲ್ ಏನು, ಎಲೆಯಾ, ರಕ್ತವಾ, ಮಣ್ಣಾ? ಡಿಎನ್‌ಎ ನೀವೇ ತೆಗೆದಿರಾ? ಅದು ಸರಿ ಇದೆಯಾ ಅಂತ ಜೆಲ್ ರನ್ ಮಾಡಿ ನೋಡಿದ್ದೀರಾ? ಫೋಟೋ ಇದ್ದರೆ ವಾಟ್ಸಾಪ್ ಮಾಡ್ತೀರಾ? ರೇಟು ಕೇಳಿದರೆ ಇವಳು ಜಾತಕ ಕೇಳುತ್ತಾಳಲ್ಲ ಅಂತ ಕೆಲವರಿಗೆ ಅನ್ನಿಸುವುದುಂಟು. ಒಬ್ಬ ಪ್ರೊಫೆಸರ್ ನೇರವಾಗಿಯೇ ಅಂದರು: "ನೀವು ಸೇಲ್ಸ್‌ನವರೋ, ವೈವಾ ತಗೊಳ್ಳೋಕೆ ಬಂದವರೋ?"

ನಾನು ಸೇಲ್ಸ್‌ನವಳೇ. ಬೆಂಗಳೂರಿನ ಒಂದು ಕಂಪನಿಯಲ್ಲಿ ಡಿಎನ್‌ಎ ಸೀಕ್ವೆನ್ಸಿಂಗ್ (ಡಿಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದುವುದು), ಪ್ರೈಮರ್ (ಆ ಓದು ಶುರುವಾಗಲು ಬೇಕಾದ ಸಣ್ಣ ಡಿಎನ್‌ಎ ತುಂಡು), ಜೀನ್ ಸಿಂಥೆಸಿಸ್ (ಜೀನನ್ನು ಲ್ಯಾಬಿನಲ್ಲಿ ಕಟ್ಟುವುದು) ಇಂಥ ಸೇವೆಗಳನ್ನು ಬೇರೆ ಲ್ಯಾಬುಗಳಿಗೆ ಮಾರುತ್ತೇನೆ. ಕಾರ್ಡಿನ ಮೇಲೆ 'ಟೆಕ್ನಿಕಲ್ ಸೇಲ್ಸ್' ಅಂತಿದೆ. ಅಮ್ಮ ಅಕ್ಕಪಕ್ಕದವರಿಗೆ "ಬ್ಲಡ್ ಟೆಸ್ಟ್ ಲ್ಯಾಬಲ್ಲಿ ಕೆಲಸ" ಅಂತ ಹೇಳಿಟ್ಟಿದ್ದಾರೆ. ಹಾಗಾಗಿ ನೆಂಟರು ಥೈರಾಯ್ಡ್ ಟೆಸ್ಟಿಗೆ ಡಿಸ್ಕೌಂಟ್ ಕೇಳುತ್ತಾರೆ. ಈಗ ತಿದ್ದುವುದನ್ನೇ ಬಿಟ್ಟಿದ್ದೇನೆ.

ಈ ಧಂದೆಗೆ ಬೆಂಗಳೂರಿಗಿಂತ ಒಳ್ಳೆ ಊರು ಸಿಗುವುದು ಕಷ್ಟ. ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದರೆ ಪಶುವೈದ್ಯಕೀಯ ಕಾಲೇಜು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಅದರ ಕ್ಯಾಂಪಸ್ಸಿನೊಳಗೇ ಎನ್‌ಸಿಬಿಎಸ್, ಇನ್‌ಸ್ಟೆಮ್, ಸಿ-ಕ್ಯಾಂಪ್ ಎಂಬ ಜೀವವಿಜ್ಞಾನ ಸಂಸ್ಥೆಗಳು, ಸ್ವಲ್ಪ ಆಚೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಕೇಂದ್ರ. ಈ ಕಡೆ ತಿರುಗಿದರೆ ಐಐಎಸ್‌ಸಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಯೋಟೆಕ್ ಪಾರ್ಕು, ಅದರೊಳಗೆ ಸಣ್ಣ ಸಣ್ಣ ಸ್ಟಾರ್ಟಪ್‌ಗಳು. ಊರು ದಾಟಿದರೆ ಮೈಸೂರಿನ ಸಿಎಫ್‌ಟಿಆರ್‌ಐ, ಮಣಿಪಾಲ, ಧಾರವಾಡ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು. ಇವರಲ್ಲಿ ಎಲ್ಲರಿಗೂ ಡಿಎನ್‌ಎ ಓದಿಸುವುದು ಬೇಕು. ಆದರೆ ಕೋಟಿಗಟ್ಟಲೆ ಬೆಲೆಯ ಯಂತ್ರ ತಂದು, ಅದಕ್ಕೆ ಎಸಿ ಕೋಣೆ ಮಾಡಿ, ಪ್ರತಿ ವರ್ಷ ಸರ್ವಿಸ್ ಕಾಂಟ್ರ್ಯಾಕ್ಟ್ ಕಟ್ಟಲು ಎಲ್ಲರಿಗೂ ಆಗುವುದಿಲ್ಲ. ಯಂತ್ರ ಇದ್ದವರಿಗೂ ಅದು ತುಂಬುವಷ್ಟು ಸ್ಯಾಂಪಲ್ ಇರುವುದಿಲ್ಲ. ಅರ್ಧ ಖಾಲಿ ರನ್ ಓಡಿಸಿದರೂ ಕೆಮಿಕಲ್ ಖರ್ಚು ಪೂರ್ತಿಯೇ. ನಮ್ಮಂಥವರು ಹತ್ತು ಲ್ಯಾಬುಗಳ ಸ್ಯಾಂಪಲ್ ಸೇರಿಸಿ ಒಂದು ರನ್ ತುಂಬಿಸುತ್ತೇವೆ. ಲೆಕ್ಕ ಇಷ್ಟೇ.

ಯಂತ್ರ ಮಾರುವ ಗೆಳೆಯರು ನನಗಿದ್ದಾರೆ. ಅವರ ಕೆಲಸಕ್ಕೂ ನನ್ನದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದು ಹೊರಗಿನವರಿಗೆ ಕಾಣುವುದಿಲ್ಲ. ಸೆಂಟ್ರಿಫ್ಯೂಜ್ ಮಾರಿದರೆ ಅದು ತಿರುಗಬೇಕು, ಅಷ್ಟೇ. ಕೊಂಡವರು ಒಳಗೆ ಏನು ಇಟ್ಟರೂ ಅದು ತಿರುಗುತ್ತದೆ. ನಾವು ಮಾರುವುದರಲ್ಲಿ ಅರ್ಧ ಸರಕು ಗಿರಾಕಿಯದೇ. ಊರಿನ ಹಿಟ್ಟಿನ ಗಿರಣಿ ಇದ್ದ ಹಾಗೆ. ಜೋಳ ನಿಮ್ಮದು, ಬೀಸುವುದು ಮಾತ್ರ ನಮ್ಮದು. ಮುಗ್ಗಲು ಜೋಳ ತಂದು ಹಿಟ್ಟು ವಾಸನೆ ಬಂತು ಅಂದರೆ ಗಿರಣಿಯವನು ಏನು ಮಾಡಬೇಕು? ಆದರೆ ಗಿರಣಿಯವನಿಗೆ ಒಂದು ಅನುಕೂಲ ಇದೆ, ಜೋಳವನ್ನು ಕೈಯಲ್ಲಿ ಹಿಡಿದು ನೋಡಬಹುದು. ನಮಗೆ ಬರುವುದು ಕಿರುಬೆರಳಿಗಿಂತ ಸಣ್ಣ ಟ್ಯೂಬು, ಅದರ ತಳದಲ್ಲಿ ನೀರಿನ ಹನಿಯಂಥದ್ದು.

ಆ ಟ್ಯೂಬುಗಳನ್ನು ನೀವು ಒಮ್ಮೆ ನೋಡಬೇಕು. ಥರ್ಮೊಕೋಲ್ ಡಬ್ಬಿ, ಸುತ್ತ ಕಂದು ಟೇಪು, ಒಳಗೆ ಕರಗಿ ಮೆತ್ತಗಾದ ಜೆಲ್ ಪ್ಯಾಕು, ಒಂದು ಜಿಪ್ ಕವರು. ಕವರಿನಲ್ಲಿ ಹನ್ನೆರಡು ಟ್ಯೂಬು, ಮುಚ್ಚಳಗಳ ಮೇಲೆ ಮಾರ್ಕರಿನಲ್ಲಿ ಎಸ್1, ಎಸ್2, ಎಸ್3. ಕರ್ನಾಟಕದ ಲ್ಯಾಬುಗಳೆಲ್ಲ ಸೇರಿ ಒಪ್ಪಂದ ಮಾಡಿಕೊಂಡ ಹಾಗೆ ಎಲ್ಲರದ್ದೂ ಎಸ್1. ಸಾಲದ್ದಕ್ಕೆ ಎಥೆನಾಲ್ ತಾಗಿದ ಗ್ಲೌಸಿನಿಂದ ಮುಟ್ಟಿ ಅರ್ಧ ಇಂಕು ಅಳಿಸಿಹೋಗಿರುತ್ತದೆ, 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ಪ್ಯಾರಾಫಿಲ್ಮ್ ಎಂಬ ಮೇಣದ ಹಾಳೆ ಸುತ್ತದೆ ಕಳಿಸಿದ್ದರೆ ಒಂದೆರಡು ಮುಚ್ಚಳ ದಾರಿಯಲ್ಲೇ ತೆರೆದುಕೊಂಡು ಹನಿ ಕವರಿಗೆ ಸೇರಿರುತ್ತದೆ. ಸ್ಯಾಂಪಲ್ ಲಿಸ್ಟನ್ನು ಪ್ರಿಂಟ್ ಹಾಕಿ ಒಳಗಿಟ್ಟವರು ಸಿಕ್ಕರೆ ನಮ್ಮ ರಿಸೆಪ್ಷನ್ ಟೀಮಿನವರು ಅವರ ಹೆಸರು ನೆನಪಿಟ್ಟುಕೊಳ್ಳುತ್ತಾರೆ.

ಅಂದಹಾಗೆ ಶುದ್ಧ ಡಿಎನ್‌ಎಗೆ ಡ್ರೈ ಐಸ್ ಬೇಕಿಲ್ಲ. ಒಣಗಿಸಿ ಕಳಿಸಿದರೆ ಮಾಮೂಲಿ ಕೊರಿಯರಿನಲ್ಲೂ ಆರಾಮಾಗಿ ಬರುತ್ತದೆ. ಜೀನ್‌ನ ಸಂದೇಶ ಹೊತ್ತ ಆರ್‌ಎನ್‌ಎ ಮಾತ್ರ ನಾಜೂಕು. ಬೆವರಿದ ಬೆರಳು ತಾಗಿದರೂ ಸಾಕು, ಅದನ್ನು ಕತ್ತರಿಸುವ ಕಿಣ್ವ ನಮ್ಮ ಚರ್ಮದ ಮೇಲೇ ಇರುತ್ತದೆ. ಎಷ್ಟೋ ಸಲ ಉಲ್ಟಾ ಆಗುತ್ತದೆ. ಡಿಎನ್‌ಎಗೆ ದುಡ್ಡು ಕೊಟ್ಟು ಡ್ರೈ ಐಸ್ ತುಂಬಿಸುತ್ತಾರೆ, ಆರ್‌ಎನ್‌ಎಯನ್ನು ಬರೀ ಐಸ್ ಪ್ಯಾಕಿನಲ್ಲಿ ಶನಿವಾರ ಸಂಜೆ ಬುಕ್ ಮಾಡುತ್ತಾರೆ. ಅದು ಭಾನುವಾರ ಪೂರ್ತಿ ಯಾವುದೋ ಗೋದಾಮಿನಲ್ಲಿ ಕೂತಿರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಮಲೆನಾಡಿನ ಒಂದು ಕಾಲೇಜಿನ ಪಿಎಚ್‌ಡಿ ಹುಡುಗಿ. ಅಡಿಕೆಯ ಎಲೆಚುಕ್ಕಿ ರೋಗದ ಮೇಲೆ ಕೆಲಸ. ತೋಟ ತೋಟ ಸುತ್ತಿ ಎಲೆ ತಂದು, ಶಿಲೀಂಧ್ರ ಬೆಳೆಸಿ, ಡಿಎನ್‌ಎ ತೆಗೆದು, ಶಿಲೀಂಧ್ರ ಗುರುತಿಸಲು ಬಳಸುವ ಐಟಿಎಸ್ ಎಂಬ ಭಾಗವನ್ನು ಪಿಸಿಆರ್‌ನಿಂದ ಹಲವು ಪ್ರತಿ ಮಾಡಿ ನಮಗೆ ಕಳಿಸಿದ್ದಳು. ಅದು ಸ್ಯಾಂಗರ್ ಸೀಕ್ವೆನ್ಸಿಂಗ್, 1977ರಲ್ಲಿ ಫ್ರೆಡ್ರಿಕ್ ಸ್ಯಾಂಗರ್ ಪ್ರಕಟಿಸಿದ ವಿಧಾನದ ಇವತ್ತಿನ ರೂಪ. ರಿಪೋರ್ಟ್ ಹೋದ ಮರುದಿನವೇ ಫೋನ್. "ಮೇಡಂ, ನಾಲ್ಕು ಸ್ಯಾಂಪಲ್ ಪೂರ್ತಿ ಹಾಳಾಗಿದೆ. ನಮ್ಮ ಗೈಡ್ ನಿಮ್ಮ ಮಷಿನ್ನೇ ಸರಿ ಇಲ್ಲ ಅಂತಿದಾರೆ."

ಅದೇ ರನ್ನಿನಲ್ಲಿ ನಾವು ಹಾಕಿದ ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್, ಚೆನ್ನಾಗಿ ಬಂದಿತ್ತು. ಅಂದರೆ ಮಷಿನ್, ಕೆಮಿಕಲ್ ಎರಡೂ ಸರಿ ಇವೆ. ಆದರೆ ಅದನ್ನು ಹಾಗೇ ಹೇಳಿದರೆ ಜಗಳ ಶುರು. ಆದ್ದರಿಂದ ಇಬ್ಬರೂ ಒಂದೇ ಫೈಲ್ ತೆರೆದು ಕೂತೆವು, ನಾನಿಲ್ಲಿ, ಅವಳಲ್ಲಿ.

ಯಂತ್ರ ಕೊಡುವ ಗ್ರಾಫು, ಕ್ರೊಮ್ಯಾಟೊಗ್ರಾಮ್, ಅಂದರೆ ಬಣ್ಣದ ಗುಡ್ಡಗಳ ಸಾಲು. ಡಿಎನ್‌ಎಯ ನಾಲ್ಕು ಅಕ್ಷರಗಳಿಗೆ ಒಂದೊಂದು ಬಣ್ಣ. ಎ ಹಸಿರು, ಟಿ ಕೆಂಪು, ಸಿ ನೀಲಿ, ಜಿ ಕಪ್ಪು. ಮೊದಲ ಮೂವತ್ತು ನಲವತ್ತು ಅಕ್ಷರ ಯಾವಾಗಲೂ ಗಲೀಜು, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬಾರದು. ಆಮೇಲೆ ಗುಡ್ಡಗಳು ಒಂದೊಂದಾಗಿ, ಚೂಪಾಗಿ, ಸಮಾನ ಅಂತರದಲ್ಲಿ ಬರಬೇಕು. ಎಂಟುನೂರು ದಾಟಿದ ಮೇಲೆ ಅಗಲವಾಗುತ್ತ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಅವಳ ಎರಡು ಸ್ಯಾಂಪಲ್‌ಗಳಲ್ಲಿ ಶುರುವಿನಿಂದಲೇ ಗುಡ್ಡದ ಕೆಳಗೆ ಇನ್ನೊಂದು ಬಣ್ಣದ ಗುಡ್ಡ ಇತ್ತು. ಅಂದರೆ ಒಂದೇ ಟ್ಯೂಬಿನಲ್ಲಿ ಎರಡು ಜೀವಿಗಳ ಡಿಎನ್‌ಎ. ಪ್ಲೇಟಿನಲ್ಲಿ ಬೆಳೆದದ್ದು ಒಂದೇ ಶಿಲೀಂಧ್ರ ಆಗಿರಲಿಲ್ಲ. ಉಳಿದ ಎರಡರ ಕಥೆ ಬೇರೆ. ಸುಮಾರು ಮುನ್ನೂರು ಅಕ್ಷರ ಕನ್ನಡಿಯಷ್ಟು ಸ್ವಚ್ಛ, ಆಮೇಲೆ ಒಂದೇ ಏಟಿಗೆ ಕಲಸುಮೇಲೋಗರ.

"ಆ ಜಾಗದಲ್ಲಿ ಏನಿದೆ ನೋಡಿ," ಅಂದೆ.

"ಟಿ, ಟಿ, ಟಿ... ಬರೀ ಟಿ ಇದೆ ಮೇಡಂ."

ಒಂದೇ ಅಕ್ಷರ ಸಾಲಾಗಿ ಬಂದರೆ ಡಿಎನ್‌ಎ ಪ್ರತಿ ಮಾಡುವ ಕಿಣ್ವ ಅಲ್ಲಿ ಜಾರುತ್ತದೆ. ಕೆಲವು ಪ್ರತಿಗಳಲ್ಲಿ ಹತ್ತು ಟಿ, ಕೆಲವಲ್ಲಿ ಒಂಬತ್ತು. ಅಲ್ಲಿಂದ ಮುಂದೆ ಎಲ್ಲ ಒಂದು ಹೆಜ್ಜೆ ಹಿಂದೆ ಮುಂದೆ. ಇದಕ್ಕೆ ಮದ್ದು ಸುಲಭ, ಇನ್ನೊಂದು ತುದಿಯಿಂದ ರಿವರ್ಸ್ ಪ್ರೈಮರ್ ಹಾಕಿ ಓದಿ ಎರಡನ್ನೂ ಜೋಡಿಸಬೇಕು. ಮೊದಲ ಎರಡಕ್ಕೆ ನಮ್ಮಲ್ಲಿ ಮದ್ದಿಲ್ಲ. ಅವಳು ಒಂದೇ ಬೀಜಕಣದಿಂದ ಮತ್ತೆ ಬೆಳೆಸಿ ಡಿಎನ್‌ಎ ತೆಗೆಯಬೇಕು. ಕೇಳಿ ಅವಳು ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಇದನ್ನ ಗೈಡ್‌ಗೆ ನೀವೇ ಹೇಳ್ತೀರಾ?" ಅಂತ ಕೇಳಿದಳು.

ಈ ಕೊನೆಯ ಮಾತು ನನ್ನ ಕೆಲಸದಲ್ಲಿ ಪದೇ ಪದೇ ಬರುತ್ತದೆ. ದುಡ್ಡು ಗೈಡ್‌ದು, ಕೈ ವಿದ್ಯಾರ್ಥಿಯದು. ಫಲಿತಾಂಶ ಬರದಿದ್ದರೆ ಬೈಸಿಕೊಳ್ಳುವುದು ಕೈ ಇದ್ದವರು. ನಾನು ಗೈಡ್‌ಗೆ ಫೋನ್ ಮಾಡಿ, ಹುಡುಗಿಯ ಹೆಸರು ಎತ್ತದೆ, ಗ್ರಾಫ್ ತೋರಿಸಿ, ಎಲೆಚುಕ್ಕಿಯಂಥ ಗಾಯದಲ್ಲಿ ಎರಡು ಮೂರು ಶಿಲೀಂಧ್ರ ಒಟ್ಟಿಗೇ ಇರುವುದು ಸಹಜ ಅಂತ ವಿವರಿಸಿದೆ. ಅದು ನಿಜವೂ ಹೌದು. ಸೇಲ್ಸ್ ತರಬೇತಿಯಲ್ಲಿ ಇದನ್ನು ಯಾರೂ ಕಲಿಸಲಿಲ್ಲ.

ಅದೇ ಹುಡುಗಿಯ ಕೆಲಸದಲ್ಲಿ ಇನ್ನೊಂದು ತೊಡಕಿತ್ತು. ಎಲೆಚುಕ್ಕಿಗೆ ಕಾರಣವಾದ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಕುಲದಲ್ಲಿ ಐಟಿಎಸ್ ಒಂದರಿಂದಲೇ ಪ್ರಭೇದ ಹೇಳಲು ಆಗುವುದಿಲ್ಲ. ಅದು ಕುಲದ ಹೆಸರು ಹೇಳುತ್ತದೆ, ಹೆಚ್ಚೆಂದರೆ ಯಾವ ಗುಂಪು ಅಂತ ಹೇಳುತ್ತದೆ. ಪ್ರಭೇದ ಬೇಕಾದರೆ ಆಕ್ಟಿನ್, ಬೀಟಾ ಟ್ಯುಬುಲಿನ್, ಜಿಎಪಿಡಿಎಚ್ ಇಂಥ ಬೇರೆ ಜೀನ್‌ಗಳನ್ನೂ ಓದಿಸಬೇಕು. ಇದನ್ನು ನಾನು ಹೇಳಿದಾಗ ಗೈಡ್ ನಕ್ಕರು. "ಬಂತು ನೋಡಿ ಸೇಲ್ಸ್ ಮಾತು. ಒಂದಕ್ಕೆ ನಾಲ್ಕು ಮಾಡಿ ಅಂತೀರಿ."

ಇದೊಂದು ವಿಚಿತ್ರ. ಬೇಡ, ಕೊಳ್ಳಬೇಡಿ ಅಂದರೆ ನಾನು ಪ್ರಾಮಾಣಿಕಳು. ಇನ್ನೂ ಬೇಕು ಅಂದರೆ ನಾನು ವ್ಯಾಪಾರಿ. ಎರಡೂ ಮಾತು ಒಂದೇ ತಿಳಿವಳಿಕೆಯಿಂದ ಬಂದಿರುತ್ತವೆ. ಆದರೆ ಎರಡನೆಯದನ್ನು ನಂಬಿಸಲು ಮೊದಲನೆಯದನ್ನು ಎಷ್ಟೋ ಸಲ ಹೇಳಿರಬೇಕಾಗುತ್ತದೆ. ಕೊನೆಗೆ ನಾವು ಮಾಡಿದ್ದು ಇಷ್ಟು: ಎಲ್ಲ ಸ್ಯಾಂಪಲ್‌ಗೂ ಐಟಿಎಸ್, ಅದರಲ್ಲಿ ಬೇರೆ ಬೇರೆಯಾಗಿ ಕಂಡ ಕೆಲವಕ್ಕೆ ಮಾತ್ರ ಉಳಿದ ಜೀನ್‌ಗಳು. ಬಿಲ್ಲು ಅವರು ಅಂದುಕೊಂಡಷ್ಟೇನೂ ಏರಲಿಲ್ಲ.

ಬೇಡ ಅನ್ನುವ ಸಂದರ್ಭಗಳೂ ಬೇಕಾದಷ್ಟಿವೆ. ಪ್ರೈಮರ್ ವಿಷಯವನ್ನೇ ತಗೊಳ್ಳಿ. ಇಪ್ಪತ್ತು ಬೇಸಿನ, ಅಂದರೆ ಇಪ್ಪತ್ತು ಅಕ್ಷರದ, ಮಾಮೂಲಿ ಪಿಸಿಆರ್ ಪ್ರೈಮರಿಗೆ ಎಚ್‌ಪಿಎಲ್‌ಸಿ ಎಂಬ ದುಬಾರಿ ಶುದ್ಧೀಕರಣ ಬೇಕು ಅಂತ ಆರ್ಡರ್ ಬರುತ್ತದೆ, ಯಾರೋ ಸೀನಿಯರ್ ಹೇಳಿರುತ್ತಾರೆ. ಬೇಕಿಲ್ಲ. ಪ್ರೈಮರನ್ನು ಒಂದೊಂದೇ ಬೇಸ್ ಸೇರಿಸುತ್ತ ಕಟ್ಟುತ್ತಾರೆ. ಪ್ರತಿ ಸಲ ನೂರರಲ್ಲಿ ತೊಂಬತ್ತೊಂಬತ್ತು ಸರಿಯಾಗಿ ಸೇರುತ್ತವೆ ಅಂತಿಟ್ಟುಕೊಳ್ಳಿ. ಇಪ್ಪತ್ತು ಬೇಸ್ ಮುಗಿಯುವಾಗ ಪೂರ್ತಿ ಉದ್ದ ಇರುವುದು ಶೇ 83ರಷ್ಟು, ಪಿಸಿಆರಿಗೆ ಧಾರಾಳ ಸಾಕು. ಅದೇ ನೂರು ಬೇಸ್ ಆದರೆ ಶೇ 37ಕ್ಕೆ ಇಳಿಯುತ್ತದೆ, ಉಳಿದದ್ದೆಲ್ಲ ತುಂಡು. ಅಲ್ಲಿ ಶುದ್ಧೀಕರಣಕ್ಕೆ ದುಡ್ಡು ಹಾಕಲೇಬೇಕು. 1970ರಲ್ಲಿ ಹರ್ ಗೋಬಿಂದ್ ಖೊರಾನಾ ಅವರ ತಂಡ 77 ಬೇಸಿನ ಒಂದು ಜೀನನ್ನು ಲ್ಯಾಬಿನಲ್ಲಿ ಕಟ್ಟಿ ಪ್ರಕಟಿಸಲು ವರ್ಷಗಟ್ಟಲೆ ಬೆವರು ಸುರಿಸಿತ್ತು. ಈಗ ಅದಕ್ಕಿಂತ ಎಷ್ಟೋ ಉದ್ದದ್ದನ್ನು ವೆಬ್‌ಸೈಟಿನಲ್ಲಿ ಪೇಸ್ಟ್ ಮಾಡಿ ಆರ್ಡರ್ ಒತ್ತುತ್ತೇವೆ, ಎರಡು ದಿನ ತಡವಾದರೆ ಮೇಲ್ ಬರೆದು ಗದರಿಸುತ್ತೇವೆ.

ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡುವ ಆರ್‌ಎನ್‌ಎ ಸೀಕ್ವೆನ್ಸಿಂಗಿನಲ್ಲಿ ಇದು ಇನ್ನೂ ದುಬಾರಿ ಮಾತು. ಒಂದು ಕಂಟ್ರೋಲ್ (ಔಷಧಿ ಹಾಕದ್ದು), ಒಂದು ಟ್ರೀಟೆಡ್ (ಹಾಕಿದ್ದು), ಒಟ್ಟು ಎರಡೇ ಸ್ಯಾಂಪಲ್, ಆದರೆ ಒಂದೊಂದಕ್ಕೂ 10 ಕೋಟಿ ರೀಡ್ (ಓದಿದ ತುಂಡುಗಳು) ಬೇಕು ಅಂತ ಕೇಳುತ್ತಾರೆ. ಜಾಸ್ತಿ ಓದಿದರೆ ಜಾಸ್ತಿ ಸತ್ಯ ಅನ್ನುವ ನಂಬಿಕೆ. ಜೀನ್‌ಗಳ ಏರಿಳಿತ ಹೋಲಿಸಲು ಸಾಮಾನ್ಯವಾಗಿ ಸ್ಯಾಂಪಲ್‌ಗೆ 2ರಿಂದ 3 ಕೋಟಿ ಸಾಕು. ಎರಡು ಸ್ಯಾಂಪಲ್‌ಗೆ ಹತ್ತತ್ತು ಕೋಟಿ ಓದಿಸುವ ಬದಲು ಮೂರು ಕಂಟ್ರೋಲ್, ಮೂರು ಟ್ರೀಟೆಡ್ ಮಾಡಿ ಮೂರು ಮೂರು ಕೋಟಿ ಓದಿಸಿ. ಒಟ್ಟು ರೀಡು ಕಡಿಮೆಯೇ ಆಯಿತು. ಲೈಬ್ರರಿ ತಯಾರಿಯ, ಅಂದರೆ ಸ್ಯಾಂಪಲನ್ನು ಯಂತ್ರಕ್ಕೆ ಹೊಂದಿಸುವ ಕೆಲಸದ, ಖರ್ಚು ಏರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಎರಡು ಗಿಡಗಳ ನಡುವೆ ಕಂಡ ವ್ಯತ್ಯಾಸ ಔಷಧಿಯದ್ದೋ, ಆ ಗಿಡದ್ದೇ ಸ್ವಭಾವವೋ ಅಂತ ರಿವ್ಯೂವರ್ ಕೇಳಿದಾಗ ಉತ್ತರ ಇರುತ್ತದೆ. ಒಂದೊಂದೇ ಸ್ಯಾಂಪಲ್ ಇಟ್ಟುಕೊಂಡವರ ಹತ್ತಿರ ಉತ್ತರ ಇರುವುದಿಲ್ಲ, 10 ಕೋಟಿ ಅಲ್ಲ, 100 ಕೋಟಿ ರೀಡ್ ಇದ್ದರೂ.

ಕ್ವಾಲಿಟಿ ಚೆಕ್ ದಿನ ಇನ್ನೊಂದು ಸುತ್ತು ಮಾತುಕತೆ. ಡಿಎನ್‌ಎ ಎಷ್ಟಿದೆ ಅಂತ ಗಿರಾಕಿ ನ್ಯಾನೊಡ್ರಾಪ್ ಯಂತ್ರದಲ್ಲಿ ಅಳೆದಾಗ 200 ನ್ಯಾನೊಗ್ರಾಂ ಇದ್ದದ್ದು ನಮ್ಮ ಕ್ಯೂಬಿಟ್ ಯಂತ್ರದಲ್ಲಿ 20 ಇರುತ್ತದೆ. "ನೀವು ಚೆಲ್ಲಿದಿರಾ?" ಅಂತ ಒಬ್ಬರು ಕೇಳಿದ್ದರು, ಗಂಭೀರವಾಗಿಯೇ! ಚೆಲ್ಲಿಲ್ಲ ಸಾರ್. ನ್ಯಾನೊಡ್ರಾಪ್ 260 ನ್ಯಾನೊಮೀಟರಿನಲ್ಲಿ ಬೆಳಕು ಹೀರುವುದನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತದೆ. ಡಿಎನ್‌ಎ ಜೊತೆ ಉಳಿದ ಆರ್‌ಎನ್‌ಎ, ಫಿನಾಲು ಎಲ್ಲವೂ ಅದರಲ್ಲಿ ಸೇರುತ್ತವೆ. ಕ್ಯೂಬಿಟ್‌ನ ಬಣ್ಣ ಎರಡೆಳೆ ಡಿಎನ್‌ಎಗೆ ಮಾತ್ರ ಅಂಟುತ್ತದೆ. ಅಡಿಕೆ, ಗೋಡಂಬಿಯಂಥ ಟ್ಯಾನಿನ್ ತುಂಬಿದ ಎಲೆಗಳಲ್ಲಿ ಈ ಗೋಳು ಜಾಸ್ತಿ. ಟ್ಯೂಬಿನ ನೀರೇ ತೆಳು ಚಹಾದ ಬಣ್ಣಕ್ಕೆ ತಿರುಗಿದ್ದರೆ ಅಳೆಯುವ ಮೊದಲೇ ಗೊತ್ತಾಗಿಬಿಡುತ್ತದೆ.

ಇನ್ನು ಖರೀದಿ. ಇದನ್ನು ಬರೆಯಲು ಕೂತರೆ ಕೈ ತಡೆಯುವುದಿಲ್ಲ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ 1999ರ ಕೆಟಿಪಿಪಿ ಎಂಬ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ, ಕೇಂದ್ರದ ಸಂಸ್ಥೆಗಳಿಗೆ ಹಣಕಾಸು ಇಲಾಖೆಯ ನಿಯಮಗಳು ಮತ್ತು ಜೆಮ್ ಎಂಬ ಸರ್ಕಾರಿ ಖರೀದಿ ಪೋರ್ಟಲ್. ಮೂರು ಕೊಟೇಶನ್, ಹೋಲಿಕೆ ಪಟ್ಟಿ, ಕಡಿಮೆ ದರದವನಿಗೆ ಆರ್ಡರ್. ಪೆನ್ಸಿಲ್ ಕೊಳ್ಳಲು ಇದು ಚೆನ್ನಾಗಿದೆ. ಸೇವೆಗೆ ಬಂದರೆ ಪಟ್ಟಿಯ ಒಂದೇ ಸಾಲಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಕೂತಿರುತ್ತವೆ. ಒಬ್ಬರ ದರದಲ್ಲಿ ಲೈಬ್ರರಿ ತಯಾರಿ ಸೇರಿದೆ, ಇನ್ನೊಬ್ಬರದ್ದರಲ್ಲಿ ಇಲ್ಲ. ಒಬ್ಬರು ಬರೀ ಡೇಟಾ ಕೊಡುತ್ತಾರೆ, ಇನ್ನೊಬ್ಬರು ಅನಾಲಿಸಿಸ್ ಮಾಡಿ ಕೊಡುತ್ತಾರೆ. ಮೂರನೆಯವರು ಶೇ 18 ಜಿಎಸ್‌ಟಿಯನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಪರ್ಚೇಸ್ ವಿಭಾಗದವರಿಗೆ ಕಾಣುವುದು ಕೊನೆಯ ಅಂಕಿ ಮಾತ್ರ. ತಪ್ಪು ಅವರದ್ದಲ್ಲ, ನಾಳೆ ಆಡಿಟ್ ಬಂದರೆ ಕೇಳುವುದೂ ಅದೇ ಅಂಕಿಯನ್ನು. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿಜ್ಞಾನ ಸಂಸ್ಥೆಗಳಿಗೆ ನಿಯಮ ಸ್ವಲ್ಪ ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ಸಣ್ಣ ಪ್ರಾಜೆಕ್ಟುಗಳಿಗೆ ಇದರಿಂದ ನಿಜವಾಗಿ ಉಸಿರು ಬಂದಿದೆ.

ಮಾರ್ಚ್ ಬಂದರೆ ಮಾತ್ರ ಎಲ್ಲರಿಗೂ ಒಂದೇ ಜ್ವರ. ಮಾರ್ಚ್ 31ರೊಳಗೆ ಗ್ರಾಂಟ್ ಖರ್ಚಾಗಬೇಕು, ಇಲ್ಲದಿದ್ದರೆ ದುಡ್ಡು ವಾಪಸ್. ವರ್ಷವಿಡೀ ಫೋನ್ ಎತ್ತದವರು ಆಗ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾರೆ. "ಬಿಲ್ ಈಗ ಕೊಟ್ಟುಬಿಡಿ ಮೇಡಂ, ಸ್ಯಾಂಪಲ್ ಆಮೇಲೆ ಕಳಿಸ್ತೀವಿ." ಆ ಸ್ಯಾಂಪಲ್ ಇನ್ನೂ ಹುಟ್ಟೇ ಇರುವುದಿಲ್ಲ. ಬೀಜ ಬಿತ್ತಬೇಕು, ಗಿಡ ಬೆಳೆಯಬೇಕು, ಆಮೇಲೆ ಎಲೆ. ನಮ್ಮ ಕಂಪನಿಯಲ್ಲಿ ಇದಕ್ಕೆ ಒಪ್ಪುವುದಿಲ್ಲ, ಸ್ಯಾಂಪಲ್ ಬಂದು ಕೆಲಸ ಮುಗಿಯದೆ ಬಿಲ್ ಇಲ್ಲ. ಹಾಗಾಗಿ ಒಂದಷ್ಟು ಆರ್ಡರ್ ಕೈ ತಪ್ಪುತ್ತವೆ. ದುಡ್ಡು ಹೊಂದಿಸಿಟ್ಟು ತಿಂಗಳುಗಟ್ಟಲೆ ಅನುಮತಿಗೆ ಕಾದು, ಕೊನೆಯ ವಾರ ಹೀಗೆ ಬೇಡುವ ವಿಜ್ಞಾನಿಯನ್ನು ಕಂಡರೆ ನನಗೆ ಕೋಪ ಬರುವುದಿಲ್ಲ. ದುಡ್ಡನ್ನು ಜನವರಿಯಲ್ಲಿ ಬಿಡುಗಡೆ ಮಾಡಿ ಮಾರ್ಚಿನಲ್ಲಿ ಲೆಕ್ಕ ಕೇಳುವವರ ಮೇಲೆ ಬರುತ್ತದೆ.

ಬೆಲೆಯ ವಿಷಯದಲ್ಲಿ ನಮ್ಮ ಕ್ಷೇತ್ರ ವಿಚಿತ್ರವಾಗಿ ನಡೆದುಕೊಂಡಿದೆ. ಒಬ್ಬ ಮನುಷ್ಯನ ಪೂರ್ತಿ ಜೀನೋಮ್ ಓದಲು 2001ರಲ್ಲಿ ಸುಮಾರು 10 ಕೋಟಿ ಡಾಲರ್ ಆಗುತ್ತಿತ್ತು. ಈಗ ಸಾವಿರ ಡಾಲರಿಗಿಂತ ಕೆಳಗೆ ಬಂದಿದೆ. ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿಸಲು ಸಾಧ್ಯವಾದದ್ದು ಇದರಿಂದಲೇ. ಓದುವ ಬೆಲೆ ಹೀಗೆ ಕುಸಿದ ಮೇಲೆ ಎಲ್ಲ ಕಂಪನಿಗಳ ದರವೂ ಹೆಚ್ಚುಕಡಿಮೆ ಒಂದೇ. ಗಿರಾಕಿ ನಮ್ಮನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುವುದು, ಹೋದವರು ತಿರುಗಿ ಬರುವುದು ಎರಡೂ ಈಗ ಯಂತ್ರದಿಂದಲ್ಲ, ಹಾಳಾದ ನಾಲ್ಕು ಸ್ಯಾಂಪಲ್‌ಗಳ ಬಗ್ಗೆ ಫೋನ್ ಮಾಡಿದಾಗ ಆ ಕಡೆ ಯಾರು ಎತ್ತುತ್ತಾರೆ ಅನ್ನುವುದರಿಂದ.

ಟಾರ್ಗೆಟ್ ಇಲ್ಲವಾ? ಇದೆ. ಮೂರು ತಿಂಗಳಿಗೊಮ್ಮೆ ಮೀಟಿಂಗಿನಲ್ಲಿ ಸ್ಕ್ರೀನಿನ ಮೇಲೆ ಎಲ್ಲರ ಹೆಸರು, ಮುಂದೆ ಕೆಂಪು ಹಸಿರು ಬಣ್ಣ. ಎಚ್‌ಪಿಎಲ್‌ಸಿ ಬೇಡ ಅಂದದ್ದಕ್ಕೆ, 10 ಕೋಟಿ ರೀಡ್ ಬೇಡ ಅಂದದ್ದಕ್ಕೆ ಅಲ್ಲಿ ಬಣ್ಣ ಇಲ್ಲ. ಮ್ಯಾನೇಜರ್ ಹಿಂದೆ ಲ್ಯಾಬಿನಲ್ಲಿ ಕೆಲಸ ಮಾಡಿದವರಾದರೆ ಬದುಕಿದಿರಿ. ಬರೀ ಸಂಖ್ಯೆ ನೋಡುವವರಾದರೆ ವರ್ಷ ಮುಗಿಯುವವರೆಗೆ ಸಹಿಸಿಕೊಳ್ಳಬೇಕು, ಯಾಕೆಂದರೆ ಇಂಥ ಗಿರಾಕಿಗಳ ಲೆಕ್ಕ ವರ್ಷದ ಮೇಲೆ ಕಾಣುತ್ತದೆ. ಪಿಎಚ್‌ಡಿ ಮುಗಿಸಿದ ವಿದ್ಯಾರ್ಥಿ ಸ್ಟಾರ್ಟಪ್ ಸೇರುತ್ತಾನೆ, ಇಲ್ಲವೇ ಎಲ್ಲೋ ಅಸಿಸ್ಟೆಂಟ್ ಪ್ರೊಫೆಸರ್ ಆಗುತ್ತಾನೆ. ಮೊದಲ ಗ್ರಾಂಟ್ ಬಂದಾಗ ಹಳೇ ನಂಬರಿಗೇ ಫೋನ್ ಮಾಡುತ್ತಾನೆ.

ಈಚೆಗೆ ನಮ್ಮ ಟೀಮಿಗೆ ಹೊಸಬರನ್ನು ಆರಿಸುವಾಗ ನಾನೂ ಕೂತಿದ್ದೆ. ಬಂದವರೆಲ್ಲ ಎಂಎಸ್ಸಿ ಬಯೋಟೆಕ್ನಾಲಜಿ. ಒಬ್ಬೊಬ್ಬರ ಮುಂದೂ ಒಂದು ಕೆಟ್ಟ ಕ್ರೊಮ್ಯಾಟೊಗ್ರಾಮ್ ಇಟ್ಟು, ಗಿರಾಕಿ ಫೋನ್ ಮಾಡಿ ಬೈಯುತ್ತಿದ್ದಾರೆ, ಏನು ಹೇಳುತ್ತೀರಿ ಅಂತ ಕೇಳಿದೆವು. ಹೆಚ್ಚಿನವರು "ಕ್ಷಮಿಸಿ ಸಾರ್, ಫ್ರೀಯಾಗಿ ರಿಪೀಟ್ ಮಾಡ್ತೀವಿ" ಅಂದರು. ದಾವಣಗೆರೆ ಕಡೆಯ ಒಬ್ಬಳು ಗ್ರಾಫನ್ನು ಹತ್ತಿರ ಎಳೆದುಕೊಂಡು, "ಇದನ್ನ ಪ್ಲೇಟಿಂದ ನೇರ ತಗೊಂಡ್ರಾ, ಒಂದೇ ಕಾಲೊನಿಯಿಂದ ತಗೊಂಡ್ರಾ ಅಂತ ಕೇಳ್ತೀನಿ" ಅಂದಳು. ಅವಳನ್ನು ತೆಗೆದುಕೊಂಡೆವು. ಇನ್ನೊಬ್ಬ ಹುಡುಗ ಗ್ರಾಫ್ ನೋಡಿ ಏನೂ ಹೇಳಲಿಲ್ಲ, ಆದರೆ ನಮ್ಮ ದರಪಟ್ಟಿಯನ್ನೂ ಖರೀದಿ ನಿಯಮಗಳನ್ನೂ ಪೂರ್ತಿ ಓದಿಕೊಂಡು ಬಂದಿದ್ದ. ನಮ್ಮ ಕೊಟೇಶನ್ ನಮೂನೆಯಲ್ಲಿ ಒಂದು ತಪ್ಪನ್ನೂ ತೋರಿಸಿದ. ಅವನನ್ನೂ ತೆಗೆದುಕೊಂಡೆವು, ಟೆಂಡರ್ ಕೆಲಸಕ್ಕೆ.